ದಾಂಡೇಲಿಗೆ ಹೊರಟವರು ದುರ್ಗಕ್ಕೆ ಹೋದದ್ದು: ಒಂಬತ್ತನೇ ಕ್ಲಾಸಿನ ಸಾಹಸ ಪ್ರವಾಸದ ಒಂದು ಪ್ರಕರಣ

2025ರ ಜುಲೈ. ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಪಾಂಪ್ಲೆಟ್ ಎರಡು ವಾರ ಬಿದ್ದಿತ್ತು. ಹೊಳೆಯುವ ಕಾಗದ. ದಾಂಡೇಲಿಯ ಕಾಳಿ ನದಿಯ ಬಿಳಿ ನೊರೆ, ಅದರ ನಡುವೆ ರಬ್ಬರ್ ದೋಣಿ, ದೋಣಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂಗುತ್ತಿರುವ ಎಂಟು ಜನ. ಯಾರೋ ಅದರ ಮೇಲೆ ಖಾರ ಮಂಡಕ್ಕಿ ಸುರಿದುಕೊಂಡು ತಿಂದಿದ್ದರು, ಒಂದು ಮೂಲೆಯಲ್ಲಿ ಎಣ್ಣೆ ಇಳಿದಿತ್ತು. ಕೊನೆಗೆ ನಾವು ಕಾಳಿ ನದಿಗೆ ಹೋಗಲಿಲ್ಲ. ಅರವತ್ತು ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಹೋದೆವು. ಆ ಆರು ತಿಂಗಳಲ್ಲಿ ಏನೇನಾಯಿತು ಅಂತ ಬೇರೆ ಶಾಲೆಗಳ ಪಿಟಿ ಮೇಷ್ಟ್ರುಗಳು ಫೋನ್ ಮಾಡಿ ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಹಾಗಾಗಿ ಒಂದು ಸಲ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಶಾಲೆ ದಾವಣಗೆರೆಯದು, ಅನುದಾನಿತ. ನಾನು ಅಲ್ಲಿ ದೈಹಿಕ ಶಿಕ್ಷಕ. ಒಂಬತ್ತನೇ ಕ್ಲಾಸಿನಲ್ಲಿ ಎರಡು ಸೆಕ್ಷನ್, ಒಟ್ಟು 71 ಮಕ್ಕಳು, ಅದರಲ್ಲಿ 34 ಹುಡುಗಿಯರು. ಶಾಲೆ, ಏಜೆನ್ಸಿ, ಮಕ್ಕಳು, ಪೋಷಕರು ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನಿರ್ಧಾರಗಳು ಮಾತ್ರ ಆದ ಹಾಗೇ ಇವೆ, ತಪ್ಪಿದವೂ ಸೇರಿ.

ನಮ್ಮಲ್ಲಿ ಪ್ರತಿ ಡಿಸೆಂಬರಿನ ಪ್ರವಾಸ ಒಂದೇ ದಾರಿ ಹಿಡಿಯುತ್ತಿತ್ತು: ಬೇಲೂರು, ಹಳೇಬೀಡು, ಧರ್ಮಸ್ಥಳ, ವಾಪಸ್. ಎರಡು ರಾತ್ರಿ ಬಸ್ಸಿನಲ್ಲೇ ನಿದ್ದೆ. ಹಿಂದಿನ ವರ್ಷ ಒಬ್ಬ ಹುಡುಗ ಪ್ರಬಂಧದಲ್ಲಿ "ನಾವು ಬಸ್ ನೋಡಿಕೊಂಡು ಬಂದೆವು" ಅಂತ ಬರೆದಿದ್ದ. ಕನ್ನಡ ಮೇಡಂ ಅದಕ್ಕೆ ಕೆಂಪು ಇಂಕಿನಲ್ಲಿ ಗೆರೆ ಎಳೆದರೂ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದರು.

ಆ ವರ್ಷ ಊರಿನ ಇನ್ನೊಂದು ಶಾಲೆ ಮಕ್ಕಳನ್ನ ರ‍್ಯಾಫ್ಟಿಂಗಿಗೆ ಕರೆದುಕೊಂಡು ಹೋಗಿ ಫೋಟೋ ಹಾಕಿತ್ತು. ನಮ್ಮ ಆಡಳಿತ ಮಂಡಳಿಯ ಕಿರಿಯ ಸದಸ್ಯರೊಬ್ಬರು ಆ ಫೋಟೋ ನೋಡಿದರು. ಮುಂದಿನ ವಾರ ಪಾಂಪ್ಲೆಟ್ ಬಂತು. ಎರಡು ರಾತ್ರಿ ಮೂರು ದಿನ, ರ‍್ಯಾಫ್ಟಿಂಗ್, ಜಿಪ್‌ಲೈನ್, ರಾತ್ರಿ ಕಾಡಿನ ನಡಿಗೆ, ಕ್ಯಾಂಪ್ ಫೈರ್. ತಲೆಗೆ 5,200 ರೂಪಾಯಿ.

ತೊಡಕು ಎಲ್ಲಿತ್ತು

ದುಡ್ಡು ಮೊದಲ ತೊಡಕು. ನಮ್ಮ ಮಕ್ಕಳಲ್ಲಿ ಮಂಡಕ್ಕಿ ಬಟ್ಟಿಯಲ್ಲಿ ದುಡಿಯುವವರ ಮಕ್ಕಳಿದ್ದಾರೆ, ಆಟೋ ಓಡಿಸುವವರ, ಬಟ್ಟೆ ಅಂಗಡಿಯಲ್ಲಿ ನಿಲ್ಲುವವರ ಮಕ್ಕಳಿದ್ದಾರೆ. 5,200 ಅಂದರೆ ಮೂರರಲ್ಲಿ ಒಂದು ಮನೆಯಲ್ಲಿ ಆಗಲ್ಲ ಅನ್ನುತ್ತಾರೆ. ಆ ಮಗು ಮಾತ್ರ ಆಗಲ್ಲ ಅನ್ನಲ್ಲ, "ನಂಗೆ ಇಷ್ಟ ಇಲ್ಲ ಸಾರ್" ಅನ್ನುತ್ತದೆ.

ಎರಡನೆಯದು ನೀರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತಿದ್ದು ಎಲ್ಲರ ತಲೆಯಲ್ಲೂ ಇತ್ತು. ಪೋಷಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ನಿಮಗೆ ಈಜು ಬರ್ತದಾ?" ನನಗೆ ಬರುತ್ತದೆ, ಊರ ಬಾವಿಯಲ್ಲಿ ಕಲಿತದ್ದು. ಹರಿಯುವ ನದಿಯಲ್ಲಿ ಇನ್ನೊಬ್ಬರನ್ನ ಎಳೆದು ತರುವಷ್ಟು ಬರಲ್ಲ. ಹಾಗೇ ಹೇಳಿದೆ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೂರನೆಯದು ನಮಗೇ ತಡವಾಗಿ ಹೊಳೆಯಿತು. ಇದು ಒಳ್ಳೆ ಪ್ಯಾಕೇಜೋ ಕೆಟ್ಟದ್ದೋ ಅಂತ ತೂಗಿ ನೋಡುವ ಅನುಭವ ಶಾಲೆಯಲ್ಲಿ ಒಬ್ಬರಿಗೂ ಇರಲಿಲ್ಲ. ಕಬಡ್ಡಿ, ಖೋ ಖೋ ಆಗಿದ್ದರೆ ನಾನು ಹೇಳುತ್ತಿದ್ದೆ. ಹಗ್ಗ, ನದಿ, ಬಂಡೆ ವಿಷಯದಲ್ಲಿ ನಮಗೆ ಪ್ರಶ್ನೆ ಕೇಳೋಕೂ ಬರುತ್ತಿರಲಿಲ್ಲ.

ಫೋನಿನಲ್ಲಿ ಕೇಳಿದ್ದು

ಮೊದಲ ಸಲ ಏಜೆನ್ಸಿಗೆ ಫೋನ್ ಮಾಡಿದಾಗ ನಾನು ಕೇಳಿದ್ದು ಊಟ, ರೂಮು, ಬಿಸಿನೀರು. ಎಲ್ಲಕ್ಕೂ "ಇದೆ ಸಾರ್". ಖುಷಿಯಾಗಿ ಹೆಡ್ ಮೇಡಂಗೆ ವರದಿ ಕೊಟ್ಟೆ.

ಎರಡನೇ ಸಲ ಫೋನ್ ಸ್ಪೀಕರಿಗೆ ಹಾಕಿದಾಗ ಪಕ್ಕದಲ್ಲಿ ಒಬ್ಬ ತಾಯಿ ಕೂತಿದ್ದರು. ಅವರು ನರ್ಸ್. ಅವರ ಪ್ರಶ್ನೆಗಳು ಬೇರೆ ಥರ ಇದ್ದವು. ನದಿಯಿಂದ ಆಸ್ಪತ್ರೆಗೆ ಎಷ್ಟು ಹೊತ್ತು? ರಾತ್ರಿ ಅಲ್ಲಿ ಡಾಕ್ಟರ್ ಇರುತ್ತಾರಾ? ಮೂವತ್ತು ಕೆಜಿ ಮಗುವಿಗೆ ಸರಿ ಕೂರುವ ಲೈಫ್ ಜಾಕೆಟ್ ಎಷ್ಟಿವೆ? ಕೊನೆಯದಕ್ಕೆ "ಎಲ್ಲ ಸೈಜೂ ಇವೆ ಮೇಡಂ" ಅಂತ ಉತ್ತರ ಬಂತು. "ಸೈಜ್ ಅಲ್ಲ, ನಂಬರ್ ಹೇಳಿ" ಅಂದರು. ನಂಬರ್ ಬರಲಿಲ್ಲ.

ಆಮೇಲೆ ನದಿಯ ವಿಷಯ. ಕಾಳಿಯಲ್ಲಿ ದೋಣಿ ಬಿಡುವ ಜಾಗದ ನೀರು ಮೇಲಿನ ಸೂಪಾ ಅಣೆಕಟ್ಟಿನಿಂದ ಬರುತ್ತದೆ. ಕರೆಂಟ್ ತಯಾರಿಸಲು ನೀರು ಬಿಟ್ಟಾಗ ನದಿ ಒಂದು ಥರ, ಬಿಡದಿದ್ದಾಗ ಇನ್ನೊಂದು ಥರ. 71 ಮಕ್ಕಳು, ದೋಣಿಗೆ ಏಳೆಂಟು ಜನ ಅಂದರೆ ಹತ್ತು ದೋಣಿ, ಹತ್ತು ಗೈಡ್. ಅಷ್ಟು ಜನ ಒಂದೇ ಹೊತ್ತಿಗೆ ಸಿಗುತ್ತಾರಾ ಅಂತ ಕೇಳಿದೆವು. "ಅದೆಲ್ಲ ಅಲ್ಲಿನವರು ನೋಡ್ಕೋತಾರೆ ಸಾರ್." ಏಜೆನ್ಸಿಯವರು ದೋಣಿ ನಡೆಸುವವರೇ ಅಲ್ಲ, ಬುಕಿಂಗ್ ಮಾತ್ರ ಅವರದ್ದು ಅಂತ ನಮಗೆ ಗೊತ್ತಾಗಿದ್ದೇ ಆವಾಗ. ಹಾಗಿದ್ದರೆ ನದಿಯಲ್ಲಿರುವ ಗೈಡ್ ಒಬ್ಬರ ನಂಬರ್ ಕೊಡಿ, ಮಾತಾಡುತ್ತೇವೆ ಅಂದೆವು. ಕೊಡಲಿಲ್ಲ. ಕಳಿಸಿದ ಇನ್ಶೂರೆನ್ಸ್ ಕಾಗದದಲ್ಲಿ ಬಸ್ ಅಪಘಾತ ಇತ್ತು, ನದಿ ಎಲ್ಲೂ ಇರಲಿಲ್ಲ.

ಇದರಲ್ಲಿ ಕಾಳಿ ನದಿಯ ತಪ್ಪೇನೂ ಇಲ್ಲ. ರ‍್ಯಾಫ್ಟಿಂಗಿನದ್ದೂ ಅಲ್ಲ. ಅಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆಸುವವರಿದ್ದಾರೆ, ಆ ಇನ್ನೊಂದು ಶಾಲೆಯ ಮಕ್ಕಳು ನಕ್ಕೋತಾ ಹೋಗಿ ನಕ್ಕೋತಾ ಬಂದರು. ಯಾರು ಮಕ್ಕಳನ್ನ ನೀರಿಗಿಳಿಸುತ್ತಾರೋ ಅವರ ದನಿ ನಮಗೆ ಕೇಳಲಿಲ್ಲ, ನಾವು ನಿಂತದ್ದು ಅಷ್ಟಕ್ಕೆ.

ಖಾಲಿ ಚೀಟಿ

ಮಂಡಳಿಯ ಸದಸ್ಯರು "ಮಕ್ಕಳನ್ನೇ ಕೇಳಿ, ಎಲ್ಲಿಗೆ ಹೋಗಬೇಕು ಅಂತ" ಅಂದರು. ಕೇಳಿದರೆ ಉತ್ತರ ಗೊತ್ತಿದ್ದದ್ದೇ. ಹೆಡ್ ಮೇಡಂ ಪ್ರಶ್ನೆಯನ್ನೇ ತಿರುಗಿಸಿದರು. ಎಲ್ಲರಿಗೂ ಹೆಸರಿಲ್ಲದ ಚೀಟಿ ಕೊಟ್ಟು, "ಸಾಹಸ ಪ್ರವಾಸ ಅಂದ ಕೂಡಲೇ ನಿಮಗೆ ಏನು ಭಯ ಆಗುತ್ತೆ, ಒಂದು ಸಾಲು ಬರೀರಿ" ಅಂದರು.

ಆ ಸಂಜೆ ಸ್ಟಾಫ್ ರೂಮಿನಲ್ಲಿ ಚೀಟಿ ಬಿಡಿಸುತ್ತಾ ಕೂತೆವು. ಬಸ್ಸಲ್ಲಿ ವಾಂತಿ ಅಂತ ಬರೆದವರೇ ಜಾಸ್ತಿ. "ನೀರು" ಅಂತ ಸುಮಾರು ಜನ. "ಆ ದಿನ ಡೇಟ್ ಬಂದ್ರೆ ಏನ್ ಮಾಡೋದು" ಅಂತ ಹನ್ನೊಂದು ಚೀಟಿ. ಈ ಪ್ರಶ್ನೆ ಗಂಡು ಮೇಷ್ಟ್ರುಗಳ ತಲೆಗೆ ಬಂದೇ ಇರಲಿಲ್ಲ. "ನಾನು ದಪ್ಪ ಇದೀನಿ, ಹಗ್ಗ ಕಿತ್ಕೊಂಡು ಬರುತ್ತೆ" ಅಂತ ಒಂದು. ಒಂದು ಚೀಟಿಯಲ್ಲಿ, ಪೆನ್ಸಿಲಿನಲ್ಲಿ, ತುಂಬಾ ದುಂಡಗಿನ ಅಕ್ಷರದಲ್ಲಿ: "ನಾನು ಬರಲ್ಲ ಅಂತ ಈಗಲೇ ಬರ್ಕೊಳ್ಳಿ."

ಅಕ್ಷರ ನೋಡಿ ಯಾರು ಅಂತ ಕಂಡುಹಿಡಿಯೋದು ಕ್ಲಾಸ್ ಟೀಚರಿಗೆ ಎರಡು ನಿಮಿಷದ ಕೆಲಸ. ಹೆಡ್ ಮೇಡಂ ಆ ಚೀಟಿ ಇಸಿದುಕೊಂಡು ಪರ್ಸಿಗೆ ಹಾಕಿದರು. "ಯಾರು ಅಂತ ಬೇಡ. ಈ ಮಗು ಬರೋ ಥರದ ಪ್ರವಾಸ ಯಾವುದು ಅಂತ ಹುಡುಕೋಣ." ಈ ಪ್ರಕರಣ ತಿರುಗಿದ್ದು ಇಲ್ಲಿಂದ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅಲ್ಲೀತನಕ ನಾವು ಜಾಗ ಹುಡುಕುತ್ತಿದ್ದೆವು.

ದುರ್ಗ ಅಂದಾಗ

ಕುಮಾರಪರ್ವತ ಅಂತ ಒಬ್ಬರು ಅಂದರು. ಕಡಿದಾದ ದಾರಿ, ಮೊದಲೇ ಬುಕಿಂಗ್, ಊರಿಂದ ದೂರ. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆ ಹಾಗೆ ಜನ ಸೇರಿ, ಅರಣ್ಯ ಇಲಾಖೆ ಚಾರಣವನ್ನೇ ಸ್ವಲ್ಪ ದಿನ ನಿಲ್ಲಿಸಿದ್ದು ನೆನಪಿತ್ತು. ಬಿಟ್ಟೆವು. ಜೋಗಿಮಟ್ಟಿಯಲ್ಲಿ ರಾತ್ರಿ ಕ್ಯಾಂಪ್ ಅಂತ ನಾನು ಅಂದೆ. ಕರಡಿ, ಚಿರತೆ ಇರುವ ವನ್ಯಧಾಮ, 71 ಮಕ್ಕಳು, ಯೋಚನೆ ಮಾಡಿ ಹೇಳಿ ಅಂದರು. ನಾನೇ ವಾಪಸ್ ತಗೊಂಡೆ.

ಚಿತ್ರದುರ್ಗ ಅಂದಾಗ ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ "ಅಯ್ಯೋ ಸಾರ್" ಅಂದರು. ಒಬ್ಬಳು "ಅದು ನಮ್ಮಜ್ಜಿ ಊರು ಸಾರ್, ವರ್ಷಕ್ಕೆ ಮೂರು ಸಲ ಹೋಗ್ತೀವಿ" ಅಂದಳು. ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮಗು ನಮ್ಮ ಕಡೆ ಇಲ್ಲ. ಆದರೆ ಅದೇ ದುರ್ಗದ ಬಂಡೆಯನ್ನ ಹಗ್ಗ ಕಟ್ಟಿಕೊಂಡು ಹತ್ತಿದವರೂ ಇರಲಿಲ್ಲ. ಬರಿಗೈಯಲ್ಲಿ ಗೋಡೆ ಏರುವ ಕೋತಿರಾಜ್ ಕೋಟೆ ಗೋಡೆ ಹತ್ತುವುದನ್ನ ಎಲ್ಲರೂ ಮೊಬೈಲಿನಲ್ಲಿ ನೋಡಿದ್ದರು. "ನಾವೂ ಹತ್ತಬಹುದಾ ಸಾರ್?" ಕೋಟೆ ಗೋಡೆ ಹತ್ತೋ ಹಾಗಿಲ್ಲ, ಅದು ಪುರಾತತ್ವ ಇಲಾಖೆ ಕಾಯುವ ಸ್ಮಾರಕ. ಆದರೆ ಆ ಸೀಮೆಯಲ್ಲಿ ಬಂಡೆಗಳಿಗೇನು ಬರವೇ?

ಪರಿಚಯದವರ ಮೂಲಕ ಒಬ್ಬ ತರಬೇತುದಾರರು ಸಿಕ್ಕರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್, ಅಡ್ವಾನ್ಸ್ ಮುಗಿಸಿ, ಬೇರೆಯವರಿಗೆ ಕಲಿಸುವ ಕೋರ್ಸ್ ಕೂಡ ಮಾಡಿದ್ದರು. ಇದಕ್ಕೆ ಎಂಒಐ ಅನ್ನುತ್ತಾರೆ. ತಾನು ಹತ್ತಬಲ್ಲವರೆಲ್ಲ ಮಕ್ಕಳನ್ನ ಹತ್ತಿಸಬಲ್ಲವರಲ್ಲ, ಆ ಕಾಗದ ಇದೆಯಾ ಅಂತ ಕೇಳಬೇಕು ಅಂತ ಅವರೇ ನಮಗೆ ಹೇಳಿಕೊಟ್ಟರು.

ಅವರಿಗೆ ಫೋನ್ ಮಾಡಿದಾಗ ಪ್ರಶ್ನೆ ಕೇಳಿದ್ದು ನಾವಲ್ಲ, ಅವರು. ನಿಮ್ಮಲ್ಲಿ ಅತಿ ಹಗುರದ ಮಗುವಿನ ತೂಕ ಎಷ್ಟು, ಅತಿ ಭಾರದ ಮಗುವಿನದು ಎಷ್ಟು? ನಾವು ತೂಗಿರಲಿಲ್ಲ. ಆಮೇಲೆ ತೂಗಿದರೆ 27 ಕೆಜಿ, 83 ಕೆಜಿ. ತೀರಾ ತೆಳ್ಳಗಿನ ಮಗು ತಲೆಕೆಳಗಾದರೆ ಸೊಂಟದ ಹಾರ್ನೆಸ್ಸಿನಿಂದ, ಅಂದರೆ ಹಗ್ಗ ಸಿಕ್ಕಿಸುವ ಪಟ್ಟಿಯಿಂದ, ಜಾರಬಹುದು, ಅದಕ್ಕೆ ಎದೆಗೂ ಕಟ್ಟುವ ಹಾರ್ನೆಸ್ ಬೇಕು. ಹಗ್ಗ ಮೇಲೆ ಸುತ್ತಿ ಕೆಳಗಿನವರ ಕೈಗೆ ಬರುತ್ತದೆ, ಹಾಗಾಗಿ ಹತ್ತುವವರು ಭಾರವಾಗಿದ್ದು ಕೆಳಗೆ ಹಗ್ಗ ಹಿಡಿದವರು ಹಗುರವಾಗಿದ್ದರೆ, ಜಾರಿದ ಕೂಡಲೇ ಹಿಡಿದವರೇ ಮೇಲೆ ಎದ್ದುಬಿಡುತ್ತಾರೆ. ಆಸ್ತಮಾ ಯಾರಿಗಿದೆ, ಫಿಟ್ಸ್ ಯಾರಿಗೆ ಬರುತ್ತದೆ, ಇನ್‌ಹೇಲರ್ ಯಾರ ಬ್ಯಾಗಲ್ಲಿರುತ್ತದೆ ಅಂತ ಒಂದು ಗಂಟೆ ಕೇಳಿದರು. ಫೋನ್ ಇಟ್ಟಮೇಲೆ ಹೆಡ್ ಮೇಡಂ "ಇವರೇ" ಅಂದರು.

ಇನ್ನೊಂದು ಮಾತು ಅವರಿಂದಲೇ ಗೊತ್ತಾಯಿತು. 1993ರಲ್ಲಿ ಇಂಗ್ಲೆಂಡಿನ ಲೈಮ್ ಬೇ ಅನ್ನುವ ಕಡಲಿನಲ್ಲಿ ಶಾಲಾ ಪ್ರವಾಸದ ನಾಲ್ವರು ಹದಿಹರೆಯದವರು ಸಣ್ಣ ದೋಣಿ ಮಗುಚಿ ಸತ್ತರು. ಅದಕ್ಕೂ ತಿಂಗಳುಗಳ ಮುಂಚೆಯೇ ಅಲ್ಲಿನ ಇಬ್ಬರು ತರಬೇತುದಾರರು ಸುರಕ್ಷತೆ ಸರಿಯಿಲ್ಲ ಅಂತ ಕೆಲಸ ಬಿಟ್ಟಿದ್ದರು, ಎಚ್ಚರಿಕೆಯ ಪತ್ರವೂ ಹೋಗಿತ್ತು. ಆ ಘಟನೆಯಿಂದಲೇ 1995ರಲ್ಲಿ ಅಲ್ಲಿ ಇಂಥ ಕೇಂದ್ರಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ಬಂತು. "ಮಾಲೀಕರು ಯಾವತ್ತೂ ಚೆನ್ನಾಗೇ ಮಾತಾಡ್ತಾರೆ ಸಾರ್. ಕೆಲಸಕ್ಕಿರೋರನ್ನ ಮಾತಾಡಿಸಿ. ನನ್ನ ಹುಡುಗರ ನಂಬರೂ ತಗೊಳ್ಳಿ, ನಾನಿಲ್ಲದಾಗ ಫೋನ್ ಮಾಡಿ" ಅಂದರು. ಮಾಡಿದೆವು.

ಹೋಗಿ ನೋಡಿದ್ದು

ಅಕ್ಟೋಬರಿನ ಒಂದು ಭಾನುವಾರ ಹೆಡ್ ಮೇಡಂ, ನಾನು, ನರ್ಸ್ ತಾಯಿ, ತರಬೇತುದಾರರು ನಾಲ್ಕೂ ಜನ ಹೋದೆವು. ಚಿತ್ರದುರ್ಗ ತಾಲ್ಲೂಕಿನ ಒಂದು ಹಳ್ಳಿ, ಪಕ್ಕದಲ್ಲೇ ಬಂಡೆಗುಡ್ಡ. ಮೊದಲು ಆರಿಸಿದ್ದ ಬಂಡೆ ನನಗೆ ನೋಡಿದ ಕೂಡಲೇ ಇಷ್ಟವಾಯಿತು. ನೆರಳಿತ್ತು, ಕೆಳಗೆ ಹುಲ್ಲಿತ್ತು. ತರಬೇತುದಾರರು ಮಾತಾಡದೆ ಕತ್ತೆತ್ತಿ ತೋರಿಸಿದರು. ಬಂಡೆಯ ಚಾಚಿನ ಅಡಿಯಲ್ಲಿ ಒದ್ದೆ ಗೋಣಿಚೀಲ ನೇತುಹಾಕಿದ ಹಾಗೆ ಮೂರು ಕಪ್ಪು ಗೂಡುಗಳು. ಹೆಜ್ಜೇನು. ನೋಡುತ್ತಿದ್ದ ಹಾಗೇ ಒಂದು ಗೂಡಿನ ಮೈ ಅಲೆ ಎದ್ದಂತೆ ಒಂದು ಸಲ ಮಿನುಗಿತು. ಹೊಗೆ, ಸೆಂಟಿನ ವಾಸನೆ, ಗಲಾಟೆ, ಇವುಗಳಲ್ಲಿ ಯಾವುದಾದರೂ ಸಾಕು ಅವು ಎದ್ದು ಬರಲು. ಪಾಂಪ್ಲೆಟ್ಟಿನ ಕ್ಯಾಂಪ್ ಫೈರ್ ನೆನಪಾಯಿತು. ದುರ್ಗದ ಬಂಡೆಗಳಲ್ಲಿ ಹೆಜ್ಜೇನು ಇರುವುದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಆದರೂ ನಾನು ನೋಡಿದ್ದು ನೆರಳನ್ನ.

ಅರ್ಧ ಕಿಲೋಮೀಟರ್ ಆಚೆ ಬೇರೆ ಬಂಡೆ ಸಿಕ್ಕಿತು. ನಲವತ್ತು ಅಡಿ ಎತ್ತರ, ನೆರಳಿಲ್ಲ, ಗೂಡೂ ಇಲ್ಲ. ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕಾರಿನಲ್ಲಿ ಹೋಗಿ ಗಡಿಯಾರ ನೋಡಿದೆವು: 22 ನಿಮಿಷ. ಬಂಡೆಯ ಬುಡದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ನಲವತ್ತು ಹೆಜ್ಜೆ ಹಿಂದೆ ಹುಣಸೆಮರದ ಹತ್ತಿರ ಇದೆ. ಬಸ್ ತಿರುಗಿಸಲು ಜಾಗ ಇಲ್ಲ, ಹಳ್ಳಿಯಲ್ಲೇ ನಿಲ್ಲಿಸಿ ನಡೆಯಬೇಕು. ಹಳ್ಳಿ ಶಾಲೆಯ ಮೇಷ್ಟ್ರು ಟಾಯ್ಲೆಟ್ ಬಳಸಲು ಒಪ್ಪಿದರು, ಆದರೆ ಶಾಲೆ ತೆರೆದಿರುವ ದಿನ ಬನ್ನಿ ಅಂದರು. ಹನ್ನೊಂದು ಚೀಟಿಗೆ ಉತ್ತರ ಸಿಕ್ಕಿದ್ದು ಅಲ್ಲಿ. ಪ್ರವಾಸದ ದಿನ ನಿಗದಿಯಾಗಿದ್ದೂ ಆ ಟಾಯ್ಲೆಟ್ಟಿನಿಂದಲೇ ಅಂದರೆ ತಪ್ಪಿಲ್ಲ.

ಕೋಟೆಯಲ್ಲಿ ನನಗೂ ತರಬೇತುದಾರರಿಗೂ ಒಂದು ಜಗಳ ಆಯಿತು. ತುಪ್ಪದ ಕೊಳದ ಬಂಡೆಗೆ ಹತ್ತಲು ಹಳೆಯವರು ಕಾಲಿಡುವ ಕಚ್ಚು ಕೊರೆದಿದ್ದಾರೆ. ನಾನು ಹುಡುಗನಾಗಿದ್ದಾಗ ಹತ್ತಿದ್ದೆ. ಮಕ್ಕಳನ್ನೂ ಹತ್ತಿಸೋಣ ಅಂದೆ. ಅವರು "ಹತ್ತಿದ್ದು ನೆನಪಿದೆ ಸಾರ್, ಇಳಿದಿದ್ದು ನೆನಪಿದೆಯಾ?" ಅಂದರು. ಯೋಚಿಸಿದೆ. ಕೂತು, ಅಂಡು ಸವೆಸಿಕೊಂಡು, ಅಳು ನುಂಗಿಕೊಂಡು ಇಳಿದಿದ್ದೆ. ಬಿಟ್ಟೆವು.

ಅದರ ಬದಲು ಕೋಟೆಯಲ್ಲಿ ನೀರಿನ ದಾರಿ ಹಿಡಿದು ನಡೆಯೋದು ಅಂತ ಆಯಿತು. ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕತಂಗಿಯರ ಹೊಂಡಕ್ಕೆ, ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿಯುವ ಹಾಗೆ ಪಾಳೇಗಾರರ ಕಾಲದವರು ಮಾಡಿಟ್ಟಿದ್ದಾರೆ. ಫೋಟೋಗೆ ಹತ್ತು ಸಲ ಹೋದವರೂ ಈ ದಾರಿಯನ್ನ ನಡೆದು ನೋಡಿರುವುದಿಲ್ಲ.

ತಯಾರಿ, ದುಡ್ಡು

ನವೆಂಬರಿನಲ್ಲಿ ಮೂರು ಭಾನುವಾರ ಬಾತಿ ಗುಡ್ಡಕ್ಕೆ ಮಕ್ಕಳನ್ನ ನಡೆಸಿದೆ. ಶಾಲೆಯ ಮೈದಾನದಲ್ಲಿ ತರಬೇತುದಾರರು ಹಗ್ಗವನ್ನ ಹಾರ್ನೆಸ್ಸಿಗೆ ಕಟ್ಟುವ ಎಂಟರ ಗಂಟು ಹಾಕೋದು ಕಲಿಸಿದರು. ಹತ್ತುವ ಮುಂಚೆ ಕೂಗುವ ಇಂಗ್ಲಿಷ್ ಮಾತುಗಳು ಮಕ್ಕಳ ನಾಲಿಗೆಗೆ ಹತ್ತಲಿಲ್ಲ, ತಾವೇ ಕನ್ನಡ ಮಾಡಿಕೊಂಡರು. "ಕಟ್ಟಿದೆಯಾ?" "ಕಟ್ಟಿದೆ!" "ಹತ್ಲಾ?" "ಹತ್ತು!" ಇದರ ಜೊತೆ ಒಂದು ಪದ ಸೇರಿಸಿದರು: "ಸಾಕು". ಯಾರು ಎಷ್ಟು ಎತ್ತರದಲ್ಲಿ ಸಾಕು ಅಂದರೂ ಇಳಿಸಬೇಕು, ಯಾಕೆ ಅಂತ ಕೇಳಬಾರದು.

ಖರ್ಚು ತಲೆಗೆ 1,150 ರೂಪಾಯಿಗೆ ಬಂತು. ಬಿಇಒ ಕಚೇರಿಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಸರ್ಕಾರಿ ಬಸ್, ಇದೆಲ್ಲ ಎಂದಿನ ಹಾಗೆ. ದುಡ್ಡು ಕಟ್ಟುವ ರೀತಿ ಮಾತ್ರ ಬದಲಾಯಿತು. 71 ಮಕ್ಕಳಿಗೂ ಒಂದೊಂದು ಕವರ್. ಆದಷ್ಟು ಹಾಕಿ, ಅಂಟಿಸಿ, ಆಫೀಸಿನಲ್ಲಿ ಕೊಡಿ. ಕ್ಲಾಸಿನಲ್ಲಿ ಬಾಕಿ ಇರುವವರ ಹೆಸರು ಓದೋದು ಇಲ್ಲ. ಕಡಿಮೆ ಬಿದ್ದದ್ದನ್ನ ಮಂಡಳಿ ತುಂಬಿತು. ಖಾಲಿ ಕವರ್ ಎಷ್ಟಿದ್ದವು ಅಂತ ಗುಮಾಸ್ತರು ನನಗೂ ಹೇಳಿಲ್ಲ.

71 ಮಕ್ಕಳನ್ನ ಒಂದೇ ದಿನ ಬೇಡ, ಎರಡು ತಂಡ ಮಾಡಿ ಅಂತ ತರಬೇತುದಾರರು ಹಟ ಹಿಡಿದರು. ಪೋರ್ಷನ್ ಮುಗಿದಿಲ್ಲ ಅಂತ ಗಣಿತದ ಮೇಷ್ಟ್ರು ಗೊಣಗಿದರು. ಹೆಡ್ ಮೇಡಂ ತರಬೇತುದಾರರ ಕಡೆ ನಿಂತರು. ಕೊನೆಗೆ ಬಂದವರು 68.

ಮೊದಲ ದಿನ

ಡಿಸೆಂಬರಿನ ಮೊದಲ ವಾರ, 36 ಮಕ್ಕಳು. ಬೆಳಿಗ್ಗೆ ಆರಕ್ಕೆ ಹೊರಟು ಏಳೂವರೆಗೆ ಕೋಟೆ ಬಾಗಿಲಲ್ಲಿದ್ದೆವು. ಕೋಟೆಗೆ ಮೂರು ಗಂಟೆ ಅಂತ ನಾನು ಲೆಕ್ಕ ಹಾಕಿದ್ದೆ. ಮಕ್ಕಳು ನೀರಿನ ದಾರಿಯನ್ನ ಎಷ್ಟು ಹಚ್ಚಿಕೊಂಡರು ಅಂದರೆ ಐದು ಗಂಟೆ ಆಯಿತು. ಮೊಸರನ್ನ ತಿಂದು, ಬಂಡೆಗೆ ನಡೆದು, ಹಾರ್ನೆಸ್ ಕಟ್ಟುವಷ್ಟರಲ್ಲಿ ಎರಡೂಕಾಲು.

ಮೂರು ಹಗ್ಗ. ಪ್ರತಿ ಹಗ್ಗವೂ ಮೇಲೆ ಬೇರೆ ಬೇರೆ ಎರಡು ಕಡೆ ಕಟ್ಟಿದ್ದು, ಒಂದು ಸಡಿಲಾದರೂ ಇನ್ನೊಂದು ಹಿಡಿಯಲಿ ಅಂತ. ಹಗ್ಗದ ಒಂದು ತುದಿ ಹತ್ತುವ ಮಗುವಿಗೆ, ಮೇಲಿನಿಂದ ಸುತ್ತಿ ಬಂದ ಇನ್ನೊಂದು ತುದಿ ಕೆಳಗೆ ಹಿಡಿದವರ ಕೈಯಲ್ಲಿ. ಐದು ಗಂಟೆಗೆ ಇನ್ನೂ ಏಳು ಮಕ್ಕಳು ಬಾಕಿ ಇದ್ದರು. ಬೆಳಕು ಇಳಿಯುತ್ತಿತ್ತು. "ಬೇಗ ಬೇಗ ಮುಗಿಸೋಣ" ಅಂದೆ. "ಬೇಗ ಅನ್ನೋದು ಇಲ್ಲಿ ಇಲ್ಲ ಸಾರ್" ಅಂತ ತರಬೇತುದಾರರು ಹಗ್ಗ ಸುತ್ತಲು ಶುರು ಮಾಡಿದರು. ಏಳು ಮುಖ ಬಾಡಿದವು. ಬಸ್ಸಿನಲ್ಲಿ ಅವರಿಗೆ ಮಾತು ಕೊಟ್ಟೆ: ಎರಡನೇ ತಂಡದ ಜೊತೆ ನೀವೂ ಬನ್ನಿ.

ಒಳ್ಳೆಯತನದಿಂದ ಕೊಟ್ಟ ಆ ಮಾತೇ ಮುಂದಿನ ತೊಂದರೆಗೆ ಬೀಜ. ಆವಾಗ ಗೊತ್ತಾಗಲಿಲ್ಲ.

ಎರಡನೇ ದಿನ

ಈ ಸಲ ಬೆಳಿಗ್ಗೆ ಬಂಡೆ, ಮಧ್ಯಾಹ್ನ ಕೋಟೆ. 32 ಮಕ್ಕಳು, ಜೊತೆಗೆ ಆ ಏಳು. ಜನ ಜಾಸ್ತಿ ಅಂತ ನಾಲ್ಕನೇ ಹಗ್ಗ ಬೇಕಾಯಿತು. ಮೂರು ಹಗ್ಗದ ಜಾಗ ಅಕ್ಟೋಬರಿನಲ್ಲೇ ನೋಡಿ, ಹತ್ತಿ, ಇಳಿದು ಗಟ್ಟಿ ಮಾಡಿಕೊಂಡಿದ್ದೆವು. ನಾಲ್ಕನೆಯದನ್ನ ಅವತ್ತೇ ಬೆಳಿಗ್ಗೆ ಎಡಗಡೆ ಕಟ್ಟಿದರು. ಕಟ್ಟಿದ್ದು ಗಟ್ಟಿಯಾಗೇ ಇತ್ತು.

ನಾವು ಕಣ್ಣಿಟ್ಟಿದ್ದು ಹೆದರುವ ಮಕ್ಕಳ ಮೇಲೆ. ಆಸ್ತಮಾ ಇದ್ದ ಹುಡುಗಿ, ದಪ್ಪಗಿದ್ದ ಹುಡುಗ, 27 ಕೆಜಿಯ ಪುಟ್ಟ. ಅವರೆಲ್ಲ ತಮಗೆ ಬೇಕಾದಷ್ಟು ಹತ್ತಿ, ಸಾಕು ಅಂದು ಇಳಿದರು. ನಾಲ್ಕನೇ ಹಗ್ಗದಲ್ಲಿ ಹತ್ತಿದ್ದು ನಮ್ಮ ಕಬಡ್ಡಿ ತಂಡದ ಹುಡುಗ, ಶಾಲೆಯಲ್ಲೇ ಗಟ್ಟಿಗ. ಸರಸರ ಇಪ್ಪತ್ತೈದು ಅಡಿ ಹೋದ. ಅಲ್ಲಿ ಬಂಡೆ ಹೊಟ್ಟೆ ಬಿಟ್ಟ ಹಾಗೆ ಉಬ್ಬಿತ್ತು. ಅದನ್ನ ದಾಟಿ ನಿಂತ. ನಿಂತವನು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

ಇಳಿಯಬೇಕಾದರೆ ಎರಡೂ ಕೈ ಬಿಟ್ಟು, ಹಿಂದಕ್ಕೆ ಒರಗಿ ಕೂರಬೇಕು. ಮೈ ಒಪ್ಪದ ಕೆಲಸ ಅದು. ಅವನ ಬೆರಳುಗಳು ಬಂಡೆಯ ಅಂಚಿಗೆ ಅಂಟಿಕೊಂಡು ಬೆಳ್ಳಗಾಗಿದ್ದವು. "ಸಾಕು" ಅನ್ನಲಿಲ್ಲ. ಅಳು ಶುರುವಾಯಿತು, ಆಮೇಲೆ ಜೋರಾಯಿತು. ತರಬೇತುದಾರರು ಪಕ್ಕದ ಹಗ್ಗದಲ್ಲಿ ಹತ್ತಿ ಹೋಗಿ, ಅವನ ಬೆನ್ನ ಮೇಲೆ ಕೈಯಿಟ್ಟು, ಒಂದೊಂದೇ ಬೆರಳು ಬಿಡಿಸಿ, ತಾವೂ ಜೊತೆಗೇ ಇಳಿದರು. ಹನ್ನೊಂದು ನಿಮಿಷ. ಮೈಮೇಲೆ ಒಂದು ಗೀರೂ ಇಲ್ಲ.

ಗೀರು ಬಿದ್ದಿದ್ದು ಬೇರೆ ಕಡೆ. ಮಕ್ಕಳು ಮೊಬೈಲ್ ತರೋ ಹಾಗಿಲ್ಲ ಅಂತ ನಿಯಮ ಮಾಡಿದ್ದೆವು. ಮೇಷ್ಟ್ರುಗಳಿಗೆ ಯಾವ ನಿಯಮವೂ ಇರಲಿಲ್ಲ. ನಮ್ಮಲ್ಲೇ ಒಬ್ಬರು ಆ ಹನ್ನೊಂದು ನಿಮಿಷದ ನಡುವಿನ ಒಂದು ತುಣುಕು ತೆಗೆದು "ಸಾಹಸದ ಕ್ಷಣಗಳು" ಅಂತ ಪೋಷಕರ ಗ್ರೂಪಿಗೆ ಹಾಕಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅಷ್ಟು ಹೇಳಬಲ್ಲೆ. ಯಾರೋ ನಗುವ ಮುಖ ಒತ್ತಿದರು. ನಾವು ಸಂಜೆ ದಾವಣಗೆರೆ ಮುಟ್ಟುವ ಹೊತ್ತಿಗೆ ಆ ತುಣುಕಿಗೆ ಸಿನಿಮಾ ಡೈಲಾಗ್ ಸೇರಿಸಿ ಹತ್ತನೇ ಕ್ಲಾಸಿನವರು ಹಂಚಿಕೊಂಡು ಆಗಿತ್ತು.

ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಹೆಡ್ ಮೇಡಂ ಗ್ರೂಪಿನಿಂದ ವಿಡಿಯೋ ಅಳಿಸಿ ಹಾಕಿಸಿ, ಅದನ್ನ ತೆಗೆದ ಮೇಷ್ಟ್ರನ್ನೂ ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೋದರು. ತಂದೆ "ಏನ್ ದೊಡ್ಡ ವಿಷಯ ಬಿಡ್ರಿ ಮೇಷ್ಟ್ರೇ, ಗಂಡು ಹುಡುಗ" ಅಂದರು. ಆ ಮಾತಿಗೇ ಹುಡುಗ ಎದ್ದು ಒಳಗೆ ಹೋದ. ಮೇಷ್ಟ್ರು ಒಳಗೆ ಹೋಗಿ ಅವನ ಪಕ್ಕ ಕೂತು ತಪ್ಪಾಯ್ತು ಅಂದರು. ಮಗುವಿನ ಮುಂದೆ ಮೇಷ್ಟ್ರು ಹಾಗೆ ಅಂದದ್ದು ನಾನು ನೋಡಿದ್ದು ಅದೇ ಮೊದಲು.

ಆಮೇಲೆ

ಈ ವರ್ಷಕ್ಕೆ ನಾವು ಬರೆದಿಟ್ಟುಕೊಂಡ ಬದಲಾವಣೆಗಳು ದೊಡ್ಡವಲ್ಲ. ಕೋಟೆ ಒಂದು ದಿನ, ಬಂಡೆ ಇನ್ನೊಂದು ದಿನ, ಎರಡನ್ನೂ ಒಂದೇ ದಿನಕ್ಕೆ ತುರುಕೋದಿಲ್ಲ. ಮೊದಲೇ ಹತ್ತಿ ನೋಡದ ಜಾಗಕ್ಕೆ ಅವತ್ತಿನ ಬೆಳಿಗ್ಗೆ ಹಗ್ಗ ಕಟ್ಟೋದಿಲ್ಲ, ಮಕ್ಕಳು ಎಷ್ಟೇ ಬೇಸರ ಮಾಡಿಕೊಂಡರೂ. ಮೊಬೈಲ್ ನಿಯಮ ಮೇಷ್ಟ್ರುಗಳಿಗೂ ಇದೆ, ಫೋಟೋ ತೆಗೆಯೋರು ಒಬ್ಬರೇ, ಹೆಡ್ ಮೇಡಂ ನೋಡಿದ ಮೇಲೇ ಆಚೆ ಹೋಗೋದು. ದಾಂಡೇಲಿಯ ಬಾಗಿಲು ಮುಚ್ಚಿಲ್ಲ. ಗೈಡಿನ ದನಿ ಫೋನಿನಲ್ಲಿ ಕೇಳಿದ ದಿನ, ಮಕ್ಕಳು ಕೊಳದಲ್ಲಿ ತೇಲೋದಾದರೂ ಕಲಿತ ದಿನ ನೋಡೋಣ ಅಂತಿದ್ದೇವೆ. ಮಂಡಳಿಯ ಸದಸ್ಯರಿಗೆ ಇನ್ನೂ ಸಮಾಧಾನ ಇಲ್ಲ. ನೀರಿನ ನೊರೆ ಇದ್ದ ಹಾಗೆ ಫೋಟೋದಲ್ಲಿ ಬಂಡೆ ಮಿಂಚಲ್ಲವಂತೆ. ಅದು ನಿಜವೇ.

ಪೆನ್ಸಿಲಿನಲ್ಲಿ ಬರೆದ ಮಗು ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಬಾರದೆ ಉಳಿದ ಮೂವರಲ್ಲಿ ಇಬ್ಬರಿಗೆ ಜ್ವರ, ಒಬ್ಬರ ಮನೆಯಲ್ಲಿ ಮದುವೆ ಅಂತ ರಿಜಿಸ್ಟರಿನಲ್ಲಿದೆ. ಚೀಟಿ ಇನ್ನೂ ಹೆಡ್ ಮೇಡಂ ಪರ್ಸಿನಲ್ಲಿದೆ.

ಕಬಡ್ಡಿ ಹುಡುಗ ಮೂರು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಜನವರಿಯಲ್ಲಿ ಒಂದು ಸಂಜೆ ಮೈದಾನಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಿದ್ದೆ. ಬಂದು ದಾರದ ಇನ್ನೊಂದು ತುದಿ ಹಿಡಿದುಕೊಂಡ. ಅರ್ಧ ಗೆರೆ ಆದಮೇಲೆ ಅವನೇ ಅಂದ: "ಸಾರ್, ಎತ್ತರಕ್ಕೆ ಹೆದರಿದ್ದಲ್ಲ. ಆ ಉಬ್ಬು ದಾಟಿದ ಮೇಲೆ ಹಗ್ಗ ಹಿಡ್ಕೊಂಡಿದ್ದ ಅಣ್ಣ ಕಾಣ್ತಿರ್ಲಿಲ್ಲ. ಹಿಡ್ಕೊಂಡಿದಾರೋ ಬಿಟ್ಟಿದಾರೋ ಅಂತ ಗೊತ್ತಾಗ್ಲಿಲ್ಲ."

ರಾತ್ರಿ ತರಬೇತುದಾರರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಈ ಸಲ ಬಂಡೆ ನೋಡೋಕೆ ಹೋಗುವಾಗ ಅವನನ್ನೂ ಕರ್ಕೊಂಡ್ ಬನ್ನಿ ಸಾರ್" ಅಂದರು.